ಸಿಡಿಯಲ್ಲಿರುವ ಹಳೇ ಹಾಡು ಟೇಪಿನಿಂದ ಬಂದಿದ್ದಾ, ರೆಕಾರ್ಡಿನಿಂದಾ?

ಪ್ರಶ್ನೆ: 1960ರ ದಶಕದ ಹಿಟ್ ಹಾಡುಗಳ ಒಂದು ಸಂಕಲನ ಸಿಡಿ ತಗೊಂಡೆ. ಹೆಚ್ಚಿನ ಹಾಡುಗಳು ಚೆನ್ನಾಗಿ ಕೇಳಿಸುತ್ತವೆ. ಹನ್ನೊಂದನೇ ಹಾಡಿನಲ್ಲಿ ಮಾತ್ರ ಎರಡನೇ ಚರಣ ಮುಗಿದ ಮೇಲೆ ಮೂರು ನಾಲ್ಕು ಸಲ ಸಣ್ಣಗೆ ಟಿಕ್ ಅನ್ನುತ್ತದೆ. ದನಿಯೂ ಒಂಥರಾ ಮಂಕು. ಸ್ಟುಡಿಯೋದ ಮೂಲ ಟೇಪ್, ಅಂದರೆ ಮಾಸ್ಟರ್ ಟೇಪ್ ಬದಲು ಹಳೇ ರೆಕಾರ್ಡ್ ಹಾಕಿ ನಕಲು ಮಾಡಿಬಿಟ್ಟಿದ್ದಾರಾ? ಪತ್ತೆ ಮಾಡುವುದು ಹೇಗೆ? ಹಾಗೆ ಮಾಡಿದ್ದರೆ ಅದು ಮೋಸ ಅಲ್ವಾ?

ಉತ್ತರ: ಟಿಕ್ ಕೇಳಿಸಿದ ತಕ್ಷಣ ರೆಕಾರ್ಡೇ ಅಂತ ತೀರ್ಮಾನ ಮಾಡಬೇಡಿ. ನಾನು ಹಾಗೆ ಮಾಡಿ ತಪ್ಪಿದ್ದೇನೆ. ಒಂದು ಹಾಡಿನ ನಡುವೆ ಜೋರಾಗಿ ಒಂದು ಟಿಕ್ ಇತ್ತು, ಇದು ರೆಕಾರ್ಡಿನಿಂದ ಇಳಿಸಿದ್ದು ಅಂತ ಸ್ನೇಹಿತರಿಗೆಲ್ಲ ಹೇಳಿದ್ದೆ. ಆಮೇಲೆ ಅದೇ ಹಾಡಿನ ಬೇರೆ ಬೇರೆ ಸಿಡಿಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಟಿಕ್. ಮೂಲ ಸಿಂಗಲ್ ರೆಕಾರ್ಡಿನ (ಬದಿಗೆ ಒಂದೇ ಹಾಡಿರುವ ಚಿಕ್ಕ ತಟ್ಟೆ) ಎರಡು ಪ್ರತಿ ತಂದು ಹಾಕಿದೆ, ಎರಡರಲ್ಲೂ ಇತ್ತು. ಸ್ಟುಡಿಯೋದಲ್ಲಿ ಎರಡು ತುಂಡು ಟೇಪ್ ಕತ್ತರಿಸಿ ಅಂಟಿಸಿದ ಜಾಗದ ಸದ್ದು ಅದು. ಹಾಡಿನ ಜತೆಯಲ್ಲೇ ಹುಟ್ಟಿದ್ದು.

ಹಾಗಾದರೆ ನಂಬಬೇಕಾದ್ದು ಯಾವುದನ್ನು? ಗಡಿಯಾರವನ್ನು. ರೆಕಾರ್ಡು ತಿರುಗುವ ವಸ್ತು. ಅದರ ಮೇಲೊಂದು ಗೀರು ಬಿದ್ದಿದ್ದರೆ ಆ ಸದ್ದು ಒಂದೇ ಸಲ ಬಂದು ಸುಮ್ಮನಾಗುವುದಿಲ್ಲ, ತಟ್ಟೆ ಒಂದು ಸುತ್ತು ಬಂದಾಗಲೆಲ್ಲ ಬರುತ್ತದೆ. ಎಲ್‌ಪಿ, ಅಂದರೆ ಹಲವು ಹಾಡುಗಳಿರುವ ದೊಡ್ಡ ರೆಕಾರ್ಡು, ನಿಮಿಷಕ್ಕೆ ಮೂವತ್ಮೂರೂ ಮೂರನೇ ಒಂದು ಸುತ್ತು ತಿರುಗುತ್ತದೆ, ಅಂದರೆ ಸುತ್ತಿಗೆ 1.8 ಸೆಕೆಂಡ್. ನಿಮಿಷಕ್ಕೆ 45 ಸುತ್ತು ತಿರುಗುವ 45ರ ಸಿಂಗಲ್‌ಗೆ 1.33 ಸೆಕೆಂಡ್. 78ರ ತಟ್ಟೆಗೆ 0.77 ಸೆಕೆಂಡ್. ನಿಮ್ಮ ಹನ್ನೊಂದನೇ ಹಾಡಿನ ಮೂರು ನಾಲ್ಕು ಟಿಕ್‌ಗಳ ನಡುವಿನ ಅಂತರ 1.33 ಬಂತು ಅಂದರೆ, ಯಾರೋ ಒಂದು 45ರ ಸಿಂಗಲ್ ಹಾಕಿ ಅದನ್ನು ಇಳಿಸಿದ್ದಾರೆ. 1.8 ಬಂದರೆ ಎಲ್‌ಪಿ. ಟೇಪಿನಲ್ಲಿ ಬರುವ ಟಿಕ್‌ಗಳಿಗೆ ಇಂಥ ಲೆಕ್ಕ ಇರುವುದಿಲ್ಲ.

ಅಳೆಯುವುದು ಕಷ್ಟವಲ್ಲ. ಆಡಾಸಿಟಿ ಅಂತ ಉಚಿತ ಸಾಫ್ಟ್‌ವೇರ್ ಇದೆ, ಹಾಡನ್ನು ಅದರಲ್ಲಿ ತೆರೆದು ಆ ಜಾಗವನ್ನು ದೊಡ್ಡದು ಮಾಡಿ ನೋಡಿ. ಸಂಗೀತದ ಅಲೆ ದಪ್ಪಗೆ, ಉರುಟಾಗಿ ಏರಿ ಇಳಿಯುತ್ತಿರುತ್ತದೆ. ಅದರ ನಡುವೆ ಟಿಕ್ ಅನ್ನುವುದು ಸೂಜಿ ಚುಚ್ಚಿದ ಹಾಗೆ ಒಂದೇ ಗೆರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಗುರುತು ಮಾಡಿದರೆ ಕೆಳಗೇ ತೋರಿಸುತ್ತದೆ. ಗೀರು ನೇರವಾಗಿ ಬೀಳದೆ ಓರೆಯಾಗಿ ಬಿದ್ದಿದ್ದರೆ ಅಂತರ 1.33ರ ಬದಲು 1.32 ಇಲ್ಲವೇ 1.35 ಬರಬಹುದು. ಹಾಗಿದ್ದರೂ ಪ್ರತಿ ಸಲವೂ ಹೆಚ್ಚೂಕಡಿಮೆ ಅಷ್ಟೇ ಬರುತ್ತದೆ. ಹಾಡಿನ ಶ್ರುತಿ ಸರಿಮಾಡಲು ವೇಗವನ್ನು ಶೇಕಡ ಒಂದರಷ್ಟು ಬದಲಿಸಿದ್ದರೆ ಅಂತರವೂ ಅಷ್ಟೇ ಬದಲಾಗಿರುತ್ತದೆ, ಅದಕ್ಕೆ ಗಾಬರಿ ಬೇಡ.

ಇಲ್ಲೊಂದು ಎಚ್ಚರ ಬೇಕು. ನಿಮಿಷಕ್ಕೆ 90 ಬೀಟ್ ಇರುವ ಹಾಡಿನಲ್ಲಿ ಎರಡು ಬೀಟ್‌ಗೆ ಸರಿಯಾಗಿ 1.33 ಸೆಕೆಂಡ್ ಆಗುತ್ತದೆ. ಆಗ ನೀವು ಟಿಕ್ ಅಂದುಕೊಂಡಿದ್ದು ಡ್ರಮ್ ಬಾರಿಸುವವರ ಕಡ್ಡಿಯ ಸದ್ದೇ ಇರಬಹುದು. ಬೇರೆ ಮಾಡುವುದು ಹೇಗೆ ಅಂದರೆ, ಮನುಷ್ಯ ಬಾರಿಸಿದ ತಾಳ ಹಾಡು ಸಾಗಿದಂತೆ ಒಂಚೂರು ಜಗ್ಗುತ್ತದೆ, ಒಂಚೂರು ಓಡುತ್ತದೆ. ತಟ್ಟೆ ಹಾಗೆ ಮಾಡುವುದಿಲ್ಲ. ಆರೇಳು ಸುತ್ತು ಅಳೆದರೆ ಗೊತ್ತಾಗಿಬಿಡುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಇದು ಮೋನೋ ಹಾಡುಗಳಿಗೆ, ಅಂದರೆ ಎಡ ಬಲ ಅಂತ ಬೇರೆ ಮಾಡದೆ ಒಂದೇ ಆಗಿ ಮುದ್ರಿಸಿದ ಹಾಡುಗಳಿಗೆ ಮಾತ್ರ. ಆ ಕಾಲದ ಹಿಟ್ ಸಿಂಗಲ್‌ಗಳಲ್ಲಿ ಎಷ್ಟೋ ಮೋನೋನೇ ಆದ್ದರಿಂದ ಇದು ಬಹಳ ಸಲ ಉಪಯೋಗಕ್ಕೆ ಬರುತ್ತದೆ. ಸಿಡಿಯಲ್ಲಿ ಎಡ ಬಲ ಎರಡು ಚಾನೆಲ್ ಇರುತ್ತವೆ. ಹಾಡು ಮೋನೋ ಆಗಿದ್ದರೆ ಎರಡರಲ್ಲೂ ಒಂದೇ ಇರಬೇಕು, ಅಲ್ವಾ? ಆಡಾಸಿಟಿಯಲ್ಲಿ ಎರಡು ಚಾನೆಲ್ ಬೇರೆ ಮಾಡಿ, ಒಂದನ್ನು ತಲೆಕೆಳಗು ಮಾಡಿ, ಆಮೇಲೆ ಎರಡನ್ನೂ ಕೂಡಿಸಿ. ಒಂದರ ಏರು ಇನ್ನೊಂದರ ಇಳಿವನ್ನು ಅಳಿಸಿ ಹಾಕುತ್ತದೆ. ಎರಡೂ ಕಡೆ ಇದ್ದದ್ದೆಲ್ಲ ಮಾಯವಾಗಿ, ಒಂದೇ ಕಡೆ ಇದ್ದದ್ದು ಮಾತ್ರ ಉಳಿಯುತ್ತದೆ.

ಮೊದಲ ಸಲ ಇದನ್ನು ಮಾಡಿದ ರಾತ್ರಿ ನನಗೆ ಇನ್ನೂ ನೆನಪಿದೆ. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಕೂಡಿಸಿದ ತಕ್ಷಣ ಹಾಡುವವಳ ದನಿ ಬಾವಿಯೊಳಗೆ ಬಿದ್ದ ಹಾಗೆ ಹಿಂದೆ ಸರಿಯಿತು. ಗಿಟಾರ್ ಹೋಯಿತು, ಡ್ರಮ್ ಹೋಯಿತು. ಉಳಿದದ್ದು ಒಣ ಎಲೆ ತುಳಿದ ಹಾಗೆ ಚರಚರ, ತಳದಲ್ಲಿ ಗುರ್ ಅನ್ನುವ ಸಣ್ಣ ಅದುರು, ಮಧ್ಯೆ ಟಿಕ್... ಟಿಕ್... ಟಿಕ್. ಅಳೆದೆ. 1.33. ಅಷ್ಟು ವರ್ಷ ಕೇಳಿದ ಹಾಡಿನ ಅಡಿಯಲ್ಲಿ ಒಂದು ತಟ್ಟೆ ತಿರುಗುತ್ತಾ ಇತ್ತು, ನನಗೆ ಒಂದು ದಿನವೂ ಕೇಳಿಸಿರಲಿಲ್ಲ.

ಇದು ಯಾಕೆ ಹೀಗಾಗುತ್ತದೆ ಅಂದರೆ, ಮೋನೋ ರೆಕಾರ್ಡಿನಲ್ಲಿ ಸಂಗೀತವನ್ನು ಗ್ರೂವ್ (ಸೂಜಿ ಓಡುವ ಸಣ್ಣ ಕಾಲುವೆ) ಅಡ್ಡಡ್ಡ ಅಲುಗಾಡುವ ಹಾಗೆ ಕೊರೆದಿರುತ್ತಾರೆ. ಅದನ್ನು ಸ್ಟೀರಿಯೋ ಕಾರ್ಟ್ರಿಜ್ (ಸೂಜಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ಹಾಕಿ ನುಡಿಸಿದರೆ ಸೂಜಿಯ ಮೇಲೆ ಕೆಳಗಿನ ಅಲುಗಾಟವೂ ಸೇರಿಕೊಳ್ಳುತ್ತದೆ. ಗೀರು, ಧೂಳು, ಟರ್ನ್‌ಟೇಬಲ್‌ನ ಅದುರು ಇವೆಲ್ಲ ಎಡ ಬಲದಲ್ಲಿ ಒಂದೇ ಸಮ ಬರುವುದಿಲ್ಲ. ಗ್ರೂವ್‌ನ ಎರಡು ಗೋಡೆಗಳಲ್ಲಿ ಒಂದಕ್ಕೆ ಜಾಸ್ತಿ ಏಟು ಬಿದ್ದಿರುತ್ತದೆ. ಹಾಗಾಗಿ ಸಂಗೀತ ಅಳಿದರೂ ಸದ್ದು ಉಳಿಯುತ್ತದೆ.

ಆದರೆ ಈ ಪರೀಕ್ಷೆಯೂ ಎರಡು ಕಡೆ ಮೋಸ ಹೋಗುತ್ತದೆ. ಅಳಿಸಿದ ಮೇಲೆ ಉಳಿದದ್ದು ಬರೀ ಒಂದೇ ಸಮನೆ ಮಳೆ ಸುರಿದ ಹಾಗೆ ಸ್‌ಸ್ ಅನ್ನುವ ಹಿಸ್ ಆಗಿದ್ದರೆ ಅದು ಟೇಪಿನದ್ದು. ಮೋನೋ ಟೇಪನ್ನು ಎರಡು ಟ್ರ್ಯಾಕ್‌ನ ಹೆಡ್ (ಟೇಪನ್ನು ಓದುವ ಭಾಗ) ಇರುವ ಯಂತ್ರದಲ್ಲಿ ಹಾಕಿದರೆ ಎರಡು ಚಾನೆಲ್‌ನ ಹಿಸ್ ಬೇರೆ ಬೇರೆಯಾಗಿರುತ್ತದೆ. ಹೆಡ್ ಒಂದಿಷ್ಟು ಓರೆಯಾಗಿದ್ದರೆ ಡ್ರಮ್ ಸೆಟ್ಟಿನ ಲೋಹದ ತಾಳ, ಸಿಂಬಲ್‌ನಂಥ ತೆಳು ಸದ್ದುಗಳೂ ಪೂರ್ತಿ ಅಳಿಯುವುದಿಲ್ಲ. ಅದು ರೆಕಾರ್ಡಿನ ಗುರುತಲ್ಲ, ತದ್ವಿರುದ್ಧ. ಇನ್ನೊಂದು, ಅಳಿಸಿದ ಮೇಲೆ ಏನೂ ಉಳಿಯದೆ ಪೂರ್ತಿ ನಿಶ್ಶಬ್ದ ಆದರೆ ಟೇಪೇ ಅಂತ ಖುಷಿಪಡಬೇಡಿ. ರೆಕಾರ್ಡಿನಿಂದ ಇಳಿಸಿದವರೇ ಎರಡು ಚಾನೆಲ್ ಕೂಡಿಸಿ ಒಂದು ಮಾಡಿದ್ದರೂ ಹಾಗೇ ಆಗುತ್ತದೆ. ಒಳ್ಳೆಯ ಎಂಜಿನಿಯರ್‌ಗಳು ಬೇಕಂತಲೇ ಹಾಗೆ ಮಾಡುತ್ತಾರೆ, ಯಾಕೆಂದರೆ ಆ ಅದುರಿನಲ್ಲಿ ದೊಡ್ಡ ಪಾಲು ಅಲ್ಲೇ ಹೊರಟುಹೋಗುತ್ತದೆ.

ಹಾಡು ಶುರುವಾಗುವ ಮುಂಚಿನ ಅರ್ಧ ಸೆಕೆಂಡ್ ಮತ್ತೆ ಮುಗಿಯುವ ಕೊನೇ ಐದು ಸೆಕೆಂಡ್, ಈ ಎರಡು ಕಡೆ ವಾಲ್ಯೂಮ್ ಏರಿಸಿ ಕೇಳಿ. ಹಾಡು ಜೋರಾಗಿರುವಾಗ ಅದರ ಕೆಳಗೆ ಏನು ಬೇಕಾದರೂ ಅಡಗಿಕೊಳ್ಳುತ್ತದೆ, ಸಣ್ಣದಾದಾಗ ಹೊರಗೆ ಬರಲೇಬೇಕು. ಟೇಪಿನ ಹಾಡಾದರೆ ಸಂಗೀತ ಕರಗುತ್ತಾ ಹೋದರೂ ಹಿಸ್ ಹಾಗೇ ಒಂದೇ ಮಟ್ಟದಲ್ಲಿ ಉಳಿದು ಕೊನೆಗೆ ಕಟ್ ಆಗುತ್ತದೆ, ಇಲ್ಲವೇ ಸಿಡಿ ಮಾಡುವವರು ಅದನ್ನೂ ಮೆತ್ತಗೆ ಇಳಿಸಿರುತ್ತಾರೆ. ರೆಕಾರ್ಡಿನದ್ದಾದರೆ ಆ ಕೊನೆಯಲ್ಲಿ ಏರುಪೇರಾದ ಚರಚರ. ಫೇಡ್, ಅಂದರೆ ಕೊನೆಯಲ್ಲಿ ದನಿ ಕರಗುತ್ತಾ ಹೋಗುವುದು, ಬೇಗ ಮುಗಿದಿದೆಯಾ ಅಂತಲೂ ನೋಡಿ. ಬೇರೆ ಸಿಡಿಯಲ್ಲಿ 2 ನಿಮಿಷ 41 ಸೆಕೆಂಡ್ ಇರುವ ಹಾಡು ಇದರಲ್ಲಿ 2 ನಿಮಿಷ 34ಕ್ಕೇ ಮುಗಿದರೆ, ಆ ಏಳು ಸೆಕೆಂಡಿನಲ್ಲಿ ಮುಚ್ಚಿಡಬೇಕಾದ್ದು ಏನೋ ಇತ್ತು ಅಂತ ನಾನು ಅನುಮಾನ ಪಡುತ್ತೇನೆ.

ಹಿಸ್ಸನ್ನು ಬೈಯುವವರು ಜಾಸ್ತಿ. ನನಗೆ ಹಿಸ್ ಕೇಳಿಸಿದರೆ ಸಮಾಧಾನ. 1960ರ ದಶಕದ ಹಾಡಿನ ಫೇಡ್‌ನಲ್ಲಿ ಹಿಸ್ಸೂ ಇಲ್ಲ, ಚರಚರವೂ ಇಲ್ಲ, ಪೂರ್ತಿ ಖಾಲಿ ಅಂದರೆ ಅದನ್ನು ಯಂತ್ರ ಹಾಕಿ ತೊಳೆದಿದ್ದಾರೆ ಅಂತ ಅರ್ಥ. 1980ರ ದಶಕದ ಕೊನೆಗೆ ಕಂಪ್ಯೂಟರ್‌ನಿಂದ ಸದ್ದು ತೆಗೆಯುವ ವ್ಯವಸ್ಥೆಗಳು ಬಂದವು, ಸೀಡರ್, ನೋನಾಯ್ಸ್ ಅಂತ ಹೆಸರು. ಹದವಾಗಿ ಬಳಸಿದರೆ ಅವು ಒಳ್ಳೆಯ ಕೆಲಸ ಮಾಡುತ್ತವೆ. ಅತಿಯಾದರೆ ಗುರುತು ಬಿಟ್ಟು ಹೋಗುತ್ತವೆ. ಸಿಂಬಲ್‌ನ ಸದ್ದು ನೀರೊಳಗಿನಿಂದ ಬಂದ ಹಾಗೆ ಸುಳಿ ಸುತ್ತುತ್ತದೆ. ಹಾಡುವವರು ಪದ ಮುಗಿಸಿದ ಕೂಡಲೇ ಹಿನ್ನೆಲೆ ಸತ್ತು, ಮುಂದಿನ ಪದಕ್ಕೆ ಮತ್ತೆ ಜೀವ ಬರುತ್ತದೆ. ಟ್ರಂಪೆಟ್ ಕೇಳಿ ನೋಡಿ. ಟ್ರಂಪೆಟ್‌ನ ಅಲೆಯೇ ಚೂಪು ಚೂಪಾಗಿರುತ್ತದೆ, ಟಿಕ್ ತೆಗೆಯುವ ಯಂತ್ರಕ್ಕೆ ಅದೂ ಟಿಕ್ ಹಾಗೇ ಕಂಡು ಅದನ್ನೂ ಕತ್ತರಿಸಿಬಿಡುತ್ತದೆ. ಟ್ರಂಪೆಟ್‌ಗೆ ಬಟ್ಟೆ ಮುಚ್ಚಿದ ಹಾಗೆ, ಜತೆಗೆ ಒಂದು ಒಡಕು ದನಿ ಬಂದರೆ ಟಿಕ್ ತೆಗೆದಿದ್ದಾರೆ ಅಂತ ಅನುಮಾನ ಪಡಿ. ಟೇಪಿನ ಹಾಡಿಗೆ ಟಿಕ್ ತೆಗೆಯುವ ಅಗತ್ಯ ಬೀಳುವುದು ಕಡಿಮೆ. ನೀವು ಹೇಳಿದ ಮಂಕುತನವೂ ಇಂಥ ತೊಳೆಯುವಿಕೆಯಿಂದ ಬಂದಿರಬಹುದು. ಆದರೆ ಮಂಕು ಒಂದೇ ಸಾಕ್ಷಿಯಾಗುವುದಿಲ್ಲ, ನಕಲಿನ ನಕಲು ಮಾಡಿದ ಟೇಪು ಕೂಡ ಮಂಕಾಗಿಯೇ ಕೇಳಿಸುತ್ತದೆ.

ಯಂತ್ರ ಎಷ್ಟು ತೊಳೆದರೂ ಸುಲಭಕ್ಕೆ ಹೋಗದ ಕೆಲವು ಗುರುತುಗಳು ಇವೆ. ಒಂದು, "ಸ" "ಶ" ಅಕ್ಷರಗಳು ಸಿಡಿಯುವುದು. ರೆಕಾರ್ಡಿನ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಒಂದು ಸೆಕೆಂಡಿಗೆ ಉದ್ದನೆಯ ಗ್ರೂವ್ ಓಡುತ್ತದೆ, ಲೇಬಲ್ ಹತ್ತಿರ ಬರುವಾಗ ತೀರಾ ಕಮ್ಮಿ. ಎಲ್‌ಪಿಯಲ್ಲಿ ಹೊರಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್, ಒಳಗೆ 20ರ ಆಸುಪಾಸು. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ ಹಾಗೆ. ಅದಕ್ಕೇ ಹಾಡಿನ ಮೊದಲ ಚರಣದಲ್ಲಿ ಚೊಕ್ಕವಾಗಿದ್ದ "ಸ" ಕೊನೇ ಚರಣಕ್ಕೆ ಬರುವಾಗ ಒರಟಾಗಿ ಉಗುಳಿದ ಹಾಗೆ ಕೇಳಿಸುತ್ತದೆ. ಟೇಪಿಗೆ ಮೊದಲು ಕೊನೆ ಅಂತ ಭೇದ ಇಲ್ಲ, ಉದ್ದಕ್ಕೂ ಒಂದೇ ವೇಗ. ಅಮೆರಿಕದಲ್ಲಿ ಎಷ್ಟೋ 45ರ ಸಿಂಗಲ್‌ಗಳನ್ನು ವಿನೈಲ್ ಬದಲು ಪಾಲಿಸ್ಟೈರೀನ್‌ನಲ್ಲಿ ಮಾಡುತ್ತಿದ್ದರು. ಅವು ಬೇಗ ಸವೆಯುತ್ತವೆ. ಅಂಥದ್ದರಿಂದ ಇಳಿಸಿದ ಹಾಡಿನಲ್ಲಿ ದನಿ ಏರಿದಾಗಲೆಲ್ಲ ಅಂಚಿಗೆ ಮರಳುಕಾಗದ ಉಜ್ಜಿದ ಹಾಗೆ ಒಂದು ಸದ್ದು ಅಂಟಿಕೊಂಡಿರುತ್ತದೆ. ಒಂದು ಸಲ ಗುರುತು ಹಿಡಿದರೆ ಕಿವಿ ಅದನ್ನು ಮರೆಯುವುದಿಲ್ಲ.

ಎರಡನೆಯದು ಶ್ರುತಿ ತೂಗಾಡುವುದು. ರೆಕಾರ್ಡಿನ ನಡುವಿನ ತೂತು ಸರಿಯಾಗಿ ನಡುವೆ ಇಲ್ಲದಿದ್ದರೆ ಪ್ರತಿ ಸುತ್ತಿಗೂ ದನಿ ಒಂದು ಸಲ ಏರಿ ಒಂದು ಸಲ ಇಳಿಯುತ್ತದೆ. ತೂತು ಒಂದೇ ಒಂದು ಮಿಲಿಮೀಟರ್ ಆಚೆ ಇದ್ದರೂ ಸಾಕು, ನಡುವಿನಿಂದ 10 ಸೆಂಟಿಮೀಟರ್ ದೂರದ ಗ್ರೂವ್‌ನಲ್ಲಿ ವೇಗ ಶೇಕಡ 1ರಷ್ಟು ಮೇಲೆ ಕೆಳಗೆ ಆಗುತ್ತದೆ. ಗಿಟಾರ್‌ನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಪಿಯಾನೋದ ಒಂದು ಉದ್ದನೆಯ ಸ್ವರ ಸಿಕ್ಕರೆ ತಕ್ಷಣ ಸಿಕ್ಕಿಬೀಳುತ್ತದೆ, ಯಾಕೆಂದರೆ ಪಿಯಾನೋ ತಾನಾಗಿ ಶ್ರುತಿ ತೂಗಾಡಿಸುವ ವಾದ್ಯ ಅಲ್ಲ. ಇಲ್ಲೂ ಗಡಿಯಾರ ನೋಡಿ. ತೂಗಾಟ 1.33ಕ್ಕೋ 1.8ಕ್ಕೋ ಒಂದು ಸಲ ಬರುತ್ತಿದ್ದರೆ ತಟ್ಟೆ. ಟೇಪ್ ಯಂತ್ರ ಹಾಳಾದಾಗಲೂ ಶ್ರುತಿ ತೂಗಾಡುತ್ತದೆ, ಆದರೆ ಆ ಲೆಕ್ಕಕ್ಕೆ ಬರುವುದು ಅಪರೂಪ.

ಮೂರನೆಯದು ತುಂಬಾ ಸೊಗಸಾದ ಗುರುತು, ಎಲ್ಲ ಹಾಡಲ್ಲೂ ಸಿಗುವುದಿಲ್ಲ. ವಾದ್ಯಗಳೆಲ್ಲ ಒಮ್ಮೆಲೇ ನಿಂತು, ಒಂದೆರಡು ಸೆಕೆಂಡ್ ಸುಮ್ಮನಿದ್ದು, ಮತ್ತೆ ಧಡ್ ಅಂತ ಶುರುವಾಗುವ ಜಾಗ ಕೆಲವು ಹಾಡುಗಳಲ್ಲಿ ಇರುತ್ತದೆ. ಆ ಮೌನದಲ್ಲಿ, ಮುಂದೆ ಬರುವ ದನಿಯ ನೆರಳು ಮೊದಲೇ ಕೇಳಿಸುತ್ತದಾ ಅಂತ ಗಮನಿಸಿ. ರೆಕಾರ್ಡ್ ಕೊರೆಯುವಾಗ ಒಂದು ಗ್ರೂವ್‌ನ ಒತ್ತಡ ಪಕ್ಕದ ಗ್ರೂವ್‌ನ ಗೋಡೆಯನ್ನು ತುಸು ಬಗ್ಗಿಸುತ್ತದೆ. ಪಕ್ಕದ ಗ್ರೂವ್ ಅಂದರೆ ಸರಿಯಾಗಿ ಒಂದು ಸುತ್ತು ಹಿಂದಿನದು. ಹಾಗಾಗಿ ಆ ನೆರಳು 45ರಲ್ಲಿ 1.33 ಸೆಕೆಂಡ್ ಮುಂಚೆ, ಎಲ್‌ಪಿಯಲ್ಲಿ 1.8 ಸೆಕೆಂಡ್ ಮುಂಚೆ ಬರುತ್ತದೆ. ಟೇಪಿನಲ್ಲೂ ಇಂಥದ್ದೇ ನೆರಳು ಬೀಳುತ್ತದೆ, ಸುತ್ತಿಟ್ಟ ಟೇಪಿನ ಒಂದು ಪದರದ ಕಾಂತ ಪಕ್ಕದ ಪದರಕ್ಕೆ ಇಳಿದು. ಆದರೆ ಅದರ ಅಂತರ ರೀಲಿನ ದಪ್ಪದ ಮೇಲೆ ನಿಂತಿದೆ. ಸೆಕೆಂಡಿಗೆ 38 ಸೆಂಟಿಮೀಟರ್ ಓಡುವ ಟೇಪಿನಲ್ಲಿ, ರೀಲ್ ತುಂಬಿರುವಾಗ, ಅಂದರೆ 25 ಸೆಂಟಿಮೀಟರ್ ಅಗಲ ಇರುವಾಗ, ಸುಮಾರು 2 ಸೆಕೆಂಡ್. ಅದೇ ರೀಲ್ 15 ಸೆಂಟಿಮೀಟರ್‌ಗೆ ಇಳಿದಾಗ 1.2 ಸೆಕೆಂಡ್. ಅಂದರೆ ಟೇಪಿನ ನೆರಳು ಯಾವ ಅಂತರದಲ್ಲಾದರೂ ಬರಬಹುದು, ಅಪ್ಪಿತಪ್ಪಿ 1.8ಕ್ಕೂ ಬರಬಹುದು. ಒಂದೇ ಹಾಡಿನ ಎರಡು ಮೂರು ಕಡೆ ನೆರಳು ಸಿಕ್ಕಿ, ಎಲ್ಲ ಕಡೆ 1.33 ಅಂತಲೇ ಬಂದರೆ ನನ್ನ ಮಟ್ಟಿಗೆ ಅನುಮಾನ ಮುಗಿಯಿತು.

ಸ್ಟೀರಿಯೋ ಹಾಡಾದರೆ ಒಂದು ಮಾತು. ಆಗಿನ ಸ್ಟೀರಿಯೋದಲ್ಲಿ ಬಾಸ್ ಗಿಟಾರನ್ನು ಪೂರ್ತಿ ಒಂದೇ ಬದಿಗೆ ಇಡುವುದು ಮಾಮೂಲಿ. ರೆಕಾರ್ಡ್ ಕೊರೆಯುವವರು ಸೂಜಿ ಹಾರಬಾರದು ಅಂತ ತೀರಾ ಕೆಳಗಿನ ಸ್ವರಗಳನ್ನು ಎರಡೂ ಬದಿಗೆ ಸಮನಾಗಿ ಹಂಚುತ್ತಿದ್ದರು. ಟೇಪಿನಿಂದ ಬಂದ ಇನ್ನೊಂದು ಸಿಡಿಯಲ್ಲಿ ಬಾಸ್ ಎಡಗಡೆ ಮಾತ್ರ ಇದ್ದು, ನಿಮ್ಮದರಲ್ಲಿ ಅದರ ತಳದ ಗುಂಯ್ ಎರಡೂ ಕಡೆ ಇದ್ದರೆ ಅದು ಒಂದು ಸುಳಿವು. ಸುಳಿವು ಅಷ್ಟೇ.

ಸಿಡಿ ಹಿಂದೆ ಎಎಡಿ ಅಂತ ಮೂರು ಅಕ್ಷರ ಇದ್ದರೆ ಅದನ್ನು ನೋಡಿ ಏನೂ ತೀರ್ಮಾನ ಮಾಡಬೇಡಿ. ಹಾಡು ರೆಕಾರ್ಡ್ ಮಾಡಿದ್ದು, ಮಿಕ್ಸ್ ಮಾಡಿದ್ದು, ಅಂದರೆ ದನಿ ವಾದ್ಯಗಳನ್ನು ಹದವಾಗಿ ಕೂಡಿಸಿದ್ದು, ಅನಲಾಗ್‌ನಲ್ಲಿ, ಕೊನೆಯ ಹಂತ ಡಿಜಿಟಲ್ ಅಂತ ಮಾತ್ರ ಅದು ಹೇಳುತ್ತದೆ. ನಡುವೆ ಟೇಪ್ ಬಂತೋ ತಟ್ಟೆ ಬಂತೋ ಅದರಲ್ಲಿ ಇರುವುದಿಲ್ಲ.

ಈಗ ನಿಮ್ಮ ಕೊನೇ ಪ್ರಶ್ನೆ, ಮೋಸ ಅಲ್ವಾ ಅಂತ. ಯಾಕೆ ಹಾಗೆ ಮಾಡಿದರು ಅನ್ನುವುದರ ಮೇಲೆ ಹೋಗುತ್ತದೆ. ಎಷ್ಟೋ ಟೇಪ್‌ಗಳು ಇಲ್ಲವೇ ಇಲ್ಲ. 1978ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿ ಅಟ್ಲಾಂಟಿಕ್ ಕಂಪನಿಯ ಟೇಪ್‌ಗಳಿದ್ದ ಕಟ್ಟಡ ಸುಟ್ಟು ಸಾವಿರಾರು ಟೇಪ್ ಹೋದವು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಬಿದ್ದ ಬೆಂಕಿಯಲ್ಲೂ ಮಾಸ್ಟರ್ ಟೇಪ್‌ಗಳು ನಾಶವಾದವು. ಬೆಂಕಿಯ ಮಾತು ಬಿಡಿ, ಸಣ್ಣ ಸಣ್ಣ ಕಂಪನಿಗಳು ಮುಚ್ಚಿದಾಗ ಟೇಪ್ ಎಲ್ಲಿ ಹೋಯಿತು ಅಂತ ಯಾರೂ ಬರೆದಿಡಲಿಲ್ಲ. ಇನ್ನು ಕೆಲವು ಸಲ ಆಲ್ಬಮ್‌ನ ಟೇಪ್ ಇರುತ್ತದೆ, ಆದರೆ ರೇಡಿಯೋದಲ್ಲಿ ಎಲ್ಲರೂ ಕೇಳಿದ್ದು ಬೇರೆ ಮಿಕ್ಸ್‌ನ, ಚಿಕ್ಕದು ಮಾಡಿದ ಸಿಂಗಲ್, ಅದರ ಟೇಪ್ ಸಿಗುವುದಿಲ್ಲ. ಆ ಸಿಂಗಲ್ಲೇ ಬೇಕು ಅಂದರೆ ಒಂದು ಒಳ್ಳೆಯ 45 ಹುಡುಕಿ ಹಾಕುವುದೇ ದಾರಿ. ಹಾಗೆ ಮಾಡಿದವರಿಗೆ ನಾನು ಕೈಮುಗಿಯುತ್ತೇನೆ. ಸವೆಯದ ರೆಕಾರ್ಡನ್ನು ತೊಳೆದು, ಸರಿಯಾದ ಸೂಜಿ ಹಾಕಿ, ಟಿಕ್‌ಗಳನ್ನು ಒಂದೊಂದಾಗಿ ಕೈಯಲ್ಲಿ ತೆಗೆದ ನಕಲು, ನಾಲ್ಕನೇ ಐದನೇ ತಲೆಮಾರಿನ ಟೇಪಿಗಿಂತ ಎಷ್ಟೋ ಚೆನ್ನಾಗಿರುತ್ತದೆ. 1940ರ ದಶಕದ ಕೊನೆಗೆ ಟೇಪ್ ಬರುವ ತನಕ ಹಾಡುಗಳನ್ನು ನೇರ ತಟ್ಟೆಯ ಮೇಲೇ ಕೊರೆಯುತ್ತಿದ್ದರು. ಅಷ್ಟು ಹಳೇ ಹಾಡಿಗೆ ತಟ್ಟೆಯೇ ಮೂಲ, ಅಲ್ಲಿ ಈ ದೂರು ಹೇಳುವ ಹಾಗೇ ಇಲ್ಲ.

ಸಿಟ್ಟು ಬರುವುದು ಬೇರೆ ಕಡೆ. ಯೂರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷ ಇತ್ತು. ಅದನ್ನು 70ಕ್ಕೆ ಏರಿಸುವ ಕಾನೂನು 2011ರಲ್ಲಿ ಆಯಿತು, ಜಾರಿಗೆ ಬಂದದ್ದು 2013ರಲ್ಲಿ. ಆದರೆ 1962ರ ಕೊನೆಯ ತನಕ ಹೊರಬಂದ ಹಾಡುಗಳು ಅಷ್ಟರಲ್ಲಿ ಕೈತಪ್ಪಿದ್ದವು, ಯಾರು ಬೇಕಾದರೂ ಸಿಡಿ ಮಾಡಬಹುದಿತ್ತು. ಇಂಥ ಸಿಡಿಗಳನ್ನು ಮಾಡುವವರ ಹತ್ತಿರ ಮೂಲ ಟೇಪ್ ಇರುವುದಿಲ್ಲ. ಕೈಗೆ ಸಿಕ್ಕಿದ ರೆಕಾರ್ಡಿನಿಂದ ಇಳಿಸುತ್ತಾರೆ, ಇಲ್ಲವೇ ಇನ್ನೊಬ್ಬರು ಇಳಿಸಿದ ಸಿಡಿಯಿಂದಲೇ ಎತ್ತಿಕೊಳ್ಳುತ್ತಾರೆ. ಹೀಗೆ ಒಂದೇ ನಕಲು ಹತ್ತು ಸಿಡಿಗೆ ಹೋಗುತ್ತದೆ. ಪುಸ್ತಿಕೆಯಲ್ಲಿ ಮಾತ್ರ ಹೊಸದಾಗಿ ರೀಮಾಸ್ಟರ್ ಮಾಡಿದ್ದು ಅಂತ ಇರುತ್ತದೆ. ಒಂದೇ ಒಂದು ಸಾಲು, ಈ ಹಾಡನ್ನು ರೆಕಾರ್ಡಿನಿಂದ ಇಳಿಸಿದೆ, ಟೇಪ್ ಸಿಗಲಿಲ್ಲ ಅಂತ ಬರೆದಿದ್ದರೆ ನನಗೆ ಏನೂ ಬೇಜಾರಿಲ್ಲ. ಬರೆಯದೆ ಇರುವುದು ನನಗೆ ಮೋಸವೇ.

ನಿಮ್ಮ ಹನ್ನೊಂದನೇ ಹಾಡಿಗೆ ಬರೋಣ. ಮೊದಲು ಆ ಟಿಕ್‌ಗಳ ಅಂತರ ಅಳೆಯಿರಿ. ಹಾಡು ಮೋನೋ ಆಗಿದ್ದರೆ ಅಳಿಸುವ ಪರೀಕ್ಷೆ ಮಾಡಿ, ಎರಡನೇ ಚರಣ ಬಿಟ್ಟು ಬೇರೆ ಕಡೆಯೂ ಟಿಕ್ ಅಡಗಿದೆಯಾ ನೋಡಿ. ಆಮೇಲೆ ಅದೇ ಹಾಡು ಇರುವ ಬೇರೆ ಕಂಪನಿಯ ಸಿಡಿ ಒಂದನ್ನು ಎಲ್ಲಿಂದಾದರೂ ತಂದು ಅದೇ ಹತ್ತು ಸೆಕೆಂಡ್ ಕೇಳಿ. ಅದರಲ್ಲಿ ಟಿಕ್ ಇಲ್ಲದೆ ಹಿಸ್ ಮಾತ್ರ ಇದ್ದರೆ ಟೇಪ್ ಇನ್ನೂ ಎಲ್ಲೋ ಉಳಿದಿದೆ ಅಂತ ಅರ್ಥ, ಆ ಸಿಡಿಯನ್ನೇ ಇಟ್ಟುಕೊಳ್ಳಿ. ಅದರಲ್ಲೂ ಅದೇ ಟಿಕ್ ತಟ್ಟೆಯ ಸುತ್ತಿನ ಅಂತರದಲ್ಲೇ ಬಂದರೆ ಎರಡೂ ಒಂದೇ ತಟ್ಟೆಯಿಂದ ಹುಟ್ಟಿವೆ. ಅಂತರ ಯಾವ ಲೆಕ್ಕಕ್ಕೂ ಸಿಗದಿದ್ದರೆ, ಸ್ಟುಡಿಯೋದಲ್ಲಿ ಯಾರೋ ಬ್ಲೇಡಿನಿಂದ ಟೇಪ್ ಕತ್ತರಿಸಿ ಅಂಟಿಸಿದ ಜಾಗವನ್ನು ನೀವು ಕೇಳುತ್ತಿರಬಹುದು.